ಮೊದಲು ಮಗ, ಆಮೇಲೆ ಉಪಯುಕ್ತ

ಬೈಬಲ್ ತೆರೆಯಿರಿ, ಫಿಲೆಮೋನನಿಗೆ ಬರೆದ ಪತ್ರಿಕೆ. ಒಂದೇ ಅಧ್ಯಾಯ, 25 ವಚನ. ಬೇಗ ತಿರುಗಿಸಿದ್ರೆ ದಾಟಿಹೋಗ್ತೀರಿ.

ಇವತ್ತು ಒಂದೇ ಹೆಸರನ್ನು ಧ್ಯಾನಿಸೋಣ. ಒನೇಸಿಮ. ನಮ್ಮ ಸಭೆಗಳಲ್ಲಿ ಪೌಲ್, ಸ್ಟೀಫನ್, ತಿಮೋತಿ ಬೇಕಾದಷ್ಟು ಸಿಗ್ತಾರೆ. ಮಗುವಿಗೆ ಒನೇಸಿಮ ಅಂತ ಹೆಸರಿಟ್ಟವರನ್ನು ನಾನಂತೂ ನೋಡಿಲ್ಲ. ಆದರೆ ಆ ಕಾಲದಲ್ಲಿ ಇದು ದಾಸರಿಗೆ ಇಡುತ್ತಿದ್ದ ಸಾಮಾನ್ಯ ಗ್ರೀಕ್ ಹೆಸರು. ಅರ್ಥ ಏನು? ಉಪಯುಕ್ತ, ಲಾಭ ತರುವವನು. ಯಜಮಾನನಿಗೆ ಏನು ಬೇಕಿತ್ತೋ ಅದೇ ಹೆಸರಾಯಿತು.

ಕಳೆದ ವಾರ ಪ್ರಾರ್ಥನೆ ಆದ್ಮೇಲೆ ಒಬ್ಬ ತಮ್ಮ ನನ್ನ ಹತ್ರ ಬಂದ. "ಪಾಸ್ಟರ್, ಕೆಲಸ ಹೋಗಿ ಮೂರು ತಿಂಗಳಾಯ್ತು. ನಾನು ಯಾರ ಪ್ರಯೋಜನಕ್ಕೂ ಬರ್ತಿಲ್ಲ" ಅಂದ. ಅವನಿಗೆ ನಾನು ತೋರಿಸಿದ್ದು ಈ 10ನೇ ವಚನ.

ಒನೇಸಿಮ ಯಜಮಾನನನ್ನು ಬಿಟ್ಟು ಬಂದವನು. ಸೆರೆಯಲ್ಲಿದ್ದ ಪೌಲನ ಮೂಲಕ ಯೇಸುವನ್ನು ಕಂಡುಕೊಂಡ. ಗ್ರೀಕ್ ಮೂಲದಲ್ಲಿ ಪೌಲನು ಮೊದಲು 'ನನ್ನ ಮಗ' ಅನ್ನುತ್ತಾನೆ, ಸೆರೆಯಲ್ಲಿ ಪಡೆದ ಮಗ ಅನ್ನುತ್ತಾನೆ, ಕೊನೆಯಲ್ಲಷ್ಟೇ ಹೆಸರು ಹೇಳುತ್ತಾನೆ. ಉಪಯೋಗದ ಮಾತು ಬರೋದು 11ನೇ ವಚನದಲ್ಲಿ. ಕ್ರಮ ನೋಡಿದ್ರಾ? ಮೊದಲು ಮಗ, ಆಮೇಲೆ ಉಪಯುಕ್ತ. 16ನೇ ವಚನಕ್ಕೆ ಬಂದರೆ ದಾಸನಲ್ಲ, ಪ್ರಿಯ ಸಹೋದರ. ಹಲ್ಲೆಲೂಯ!

ಸುಮಾರು ಐವತ್ತು ವರ್ಷದ ನಂತರ ಎಫೆಸ ಸಭೆಯ ಅಧ್ಯಕ್ಷನ ಹೆಸರೂ ಒನೇಸಿಮ ಅಂತ ಇಗ್ನೇಷಿಯಸ್‌ನ ಪತ್ರದಿಂದ ಗೊತ್ತಾಗುತ್ತೆ. ದಾಸರ ಹೆಸರು ಹೊತ್ತವನು ಸಭೆಯ ಕುರುಬನಾದ.

ಆದರೆ ಪ್ರಿಯರೇ, ಒಂದು ದುಃಖದ ಸಂಗತಿ ಕೇಳಿ. 1706ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಸಭೆಯವರು ತಮ್ಮ ಪಾಸ್ಟರ್ ಕಾಟನ್ ಮೇದರ್‌ಗೆ ಆಫ್ರಿಕಾದ ಒಬ್ಬ ಮನುಷ್ಯನನ್ನು ಗುಲಾಮನಾಗಿ ಕಾಣಿಕೆ ಕೊಟ್ಟರು. ಪಾಸ್ಟರ್ ಅವನಿಗೆ ಇಟ್ಟ ಹೆಸರು ಒನೇಸಿಮ. ಆರೋಗ್ಯವಂತರಿಗೆ ಸಿಡುಬಿನ ಕೀವನ್ನು ಸ್ವಲ್ಪ ತಾಗಿಸಿ ರೋಗ ತಡೆಯುವ ತನ್ನ ನಾಡಿನ ವಿಧಾನವನ್ನು ಅವನೇ ಮೇದರ್‌ಗೆ ತಿಳಿಸಿದ. 1721ರಲ್ಲಿ ಊರಿಗೆ ಸಿಡುಬು ಬಂದಾಗ 800ಕ್ಕೂ ಹೆಚ್ಚು ಜನ ಸತ್ತರು. ವೈದ್ಯ ಬಾಯ್ಲ್ಸ್ಟನ್ ಆ ವಿಧಾನ ಮಾಡಿದ 240ಕ್ಕೂ ಹೆಚ್ಚು ಜನರಲ್ಲಿ ಸತ್ತವರು ಆರು ಮಂದಿ. ಎಷ್ಟು ಉಪಯುಕ್ತ! ಹಾಗಿದ್ದೂ ಅವನನ್ನು ಇಟ್ಟುಕೊಂಡದ್ದು ಗುಲಾಮನಾಗಿ. 11ನೇ ವಚನ ನೆನಪಿತ್ತು, 16ನೇ ವಚನ ಮರೆತೇಹೋಗಿತ್ತು.

ನಾವೂ ಮರೀತೀವಿ. ಕ್ವಾಯರ್‌ನಲ್ಲಿ ಹಾಡುವಾಗ, ಮೀಡಿಯಾ ಟೀಮ್‌ನಲ್ಲಿ ದುಡಿಯುವಾಗ ಒಬ್ಬರಿಗೆ ದಿನಾ ಫೋನ್ ಮಾಡ್ತೀವಿ. ಅವರು ಕಾಯಿಲೆ ಬಿದ್ದು ಮೂರು ಭಾನುವಾರ ಬರದಿದ್ರೆ? ಮೊದಲು ನಾನೇ ಪಶ್ಚಾತ್ತಾಪ ಪಡಬೇಕು.

ತಮ್ಮಾ, ತಂಗೀ, ಆಫೀಸು ನಿನ್ನನ್ನು ಬೇಡ ಅಂದಿರಬಹುದು. ತಂದೆ ಹಾಗೆ ಅಂದಿಲ್ಲ. ಈ ವಾರ ಪ್ರತಿಯೊಬ್ಬರೂ, ಸೇವೆ ಬಿಟ್ಟು ಮೂಲೆ ಸೇರಿದ ಒಬ್ಬರಿಗೆ ಫೋನ್ ಮಾಡಿ. ಯಾವ ಕೆಲಸವನ್ನೂ ಹೇಳಬೇಡಿ. ಸುಮ್ಮನೆ ಮಾತಾಡಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.