ಶಿಖರದಿಂದ ಇಳಿದು ಬಂದ ತಾಯಿ

ಶ್ರೀ ಮೂಕಾಂಬಿಕೆಯ ದರ್ಶನಕ್ಕೆಂದು ಕೊಲ್ಲೂರಿಗೆ ಹೋಗುವ ನಮ್ಮಲ್ಲಿ ಅನೇಕರು ಕೊಡಚಾದ್ರಿಗೆ ದೂರದಿಂದಲೇ ಕೈಮುಗಿದು ಹಿಂದಿರುಗುವುದುಂಟು. 1,343 ಮೀಟರು ಎತ್ತರದ ಈ ಗಿರಿಯು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದೆ. ಕುಟಜ, ಅಂದರೆ ಕೊಡಸಿಗೆಯ ಮರಗಳಿಂದ ಇದಕ್ಕೆ ಕುಟಜಾದ್ರಿ ಎಂಬ ಹೆಸರು ಬಂದಿತೆನ್ನುವರು.

ಜೀಪಿನ ದಾರಿ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಮುಗಿಯುತ್ತದೆ, ಮುಂದಿನದು ಕಾಲುಹಾದಿ. ಹಿಡ್ಲುಮನೆ ಜಲಪಾತದ ಬಂಡೆಗಳ ಮೂಲಕ ಏರಿಬರುವ ಕಠಿಣ ದಾರಿಯೂ ಇದೆ. ಕಣಿವೆಯ ದಟ್ಟ ಕಾಡು ಹಿಂದುಳಿದು ಹುಲ್ಲುಗಾವಲು ತೆರೆದುಕೊಂಡೊಡನೆ ಗಾಳಿಯು ಮೈಯನ್ನೇ ನೂಕತೊಡಗುತ್ತದೆ. ಶಿಖರದಲ್ಲಿ ಕಾಣುವುದು ಕಲ್ಲಿನ ಒಂದು ಪುಟ್ಟ ಮಂಟಪ. ಅದೇ ಸರ್ವಜ್ಞಪೀಠ. ಆದಿಶಂಕರರು ಇಲ್ಲಿ ತಪಸ್ಸು ಮಾಡಿದರೆಂಬುದು ಪರಂಪರೆಯ ನಂಬುಗೆ. ಹೆಸರು ಅಷ್ಟು ದೊಡ್ಡದು. ನೆಲೆ ಇಷ್ಟು ಚಿಕ್ಕದು!

ಪ್ರಸನ್ನಳಾದ ದೇವಿಯನ್ನು ಆಚಾರ್ಯರು ತಮ್ಮೊಡನೆ ಬರಬೇಕೆಂದು ಬೇಡಿದರಂತೆ. ಹಿಂದಿರುಗಿ ನೋಡಬಾರದೆಂಬ ನಿಬಂಧನೆಯ ಮೇಲೆ ತಾಯಿ ಹೊರಟಳು. ಕೊಲ್ಲೂರಿನಲ್ಲಿ ಕಾಲ್ಗೆಜ್ಜೆಯ ನಾದ ನಿಂತಿತು. ಆಚಾರ್ಯರು ತಿರುಗಿ ನೋಡಿದರು. ದೇವಿ ಅಲ್ಲಿಯೇ ನೆಲೆಸಿದಳು.

ಅವರು ತಿರುಗಿ ನೋಡಬಾರದಿತ್ತೆಂದು ಮರುಗುವವರುಂಟು. ಆದರೆ ಸಹೃದಯರು ವಿಚಾರಿಸಿ ನೋಡಬೇಕು: ಗೆಜ್ಜೆಯ ನಾದವನ್ನು ನಿಲ್ಲಿಸಿದವಳು ಯಾರು? ತಾಯಿಯೇ ಅಲ್ಲವೆ? ತಪಸ್ವಿಗೆ ಶಿಖರವೇ ಸಾಕು. ಮಂಡಿನೋವಿನ ಅಜ್ಜಿಗೆ, ಕಂಕುಳಲ್ಲಿ ಕೂಸನ್ನೆತ್ತಿಕೊಂಡವಳಿಗೆ ಅದು ನಿಲುಕುವುದೆಂತು? ಅವರಿಗಾಗಿ ಅವಳು ಇಳಿದಳು. ಅವರ ನಡುವೆಯೇ ನಿಂತಳು. ಆ ಗಿರಿಯಲ್ಲಿ ಹುಟ್ಟಿದ ಸೌಪರ್ಣಿಕೆಯೂ ಹಾಗೆಯೇ ಇಳಿದುಬಂದು ಭಕ್ತರನ್ನು ಮೀಯಿಸಿ ಕಡಲಿಗೆ ಸಾಗುತ್ತಾಳೆ.

ಊರು ಬಿಟ್ಟು ಮುಂಬಯಿಗೆ ಬಂದ ನಾವೂ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದೇವೆ. ಗುಮಾಸ್ತೆ ಅಧಿಕಾರಿಯಾದ, ಚಾಳಿನ ಕೋಣೆ ಹೋಗಿ ಫ್ಲಾಟು ಬಂದಿತು. ಏರಿದ್ದರಲ್ಲಿ ದೋಷವಿಲ್ಲ. ಏರಿದವನು ಯಾರಿಗಾಗಿ ಇಳಿದನೆಂಬುದನ್ನು ತಾಯಿ ಲೆಕ್ಕವಿಡುತ್ತಾಳೆ. ಊರಿನಲ್ಲಿ ಕಾಗದಕ್ಕೆ, ಫೋನಿಗೆ ಕಾದು ಕುಳಿತ ವೃದ್ಧ ಮಾತಾಪಿತೃಗಳು, ಕೆಲಸವನ್ನರಸಿ ಬಂದು ನಮ್ಮ ಬಾಗಿಲಲ್ಲಿ ನಿಂತ ಊರಿನ ಹುಡುಗ, ಇವರ ದನಿ ಹಿಂದಿನಿಂದ ನಿಂತುಹೋದೀತೆಂಬ ಅಳುಕಾದಾಗ ತಿರುಗಿ ನೋಡುವುದು ದೌರ್ಬಲ್ಯವೆ? ಆಚಾರ್ಯರು ತಿರುಗಿ ನೋಡಿದ್ದರಿಂದಲೇ ಲೋಕಕ್ಕೆ ತಾಯಿ ದಕ್ಕಿದಳು. ಮನೆ ಚಿಕ್ಕದೆಂಬ ನೆಪವೂ ಸಲ್ಲದು. ಆ ಕಲ್ಲಿನ ಮಂಟಪವೇ ಗಾಳಿಮಳೆಗೆ ಸಿಕ್ಕಿದ ಯಾತ್ರಿಕನಿಗೆ ಆಸರೆಯಾಗುತ್ತದೆ.

ವಿಜಯದಶಮಿಯಂದು ಕೊಲ್ಲೂರಿನ ಸನ್ನಿಧಿಯಲ್ಲಿ ಕಂದಮ್ಮಗಳಿಗೆ ಅಕ್ಷರಾಭ್ಯಾಸ ನಡೆಯುತ್ತದೆ. ಸರ್ವಜ್ಞರ ಶಿಖರದ ವಿದ್ಯೆಯು ಅಂದು ಅಕ್ಕಿಯ ಮೇಲೆ ಓಡುವ ಎಳೆಬೆರಳಿಗೆ ಇಳಿದುಬರುತ್ತದೆ. ನಮ್ಮನ್ನು ಏರಿಸಿದ ಆ ಜಗನ್ಮಾತೆಯು, ಇಳಿದು ಕೈಹಿಡಿಯುವ ಬುದ್ಧಿಯನ್ನೂ ನಮಗೆ ದಯಪಾಲಿಸಲಿ.