ಉಪಾಧ್ಯಾಯನು ತನ್ನ ತಪ್ಪನ್ನು ಒಪ್ಪಿಕೊಳ್ಳಬಹುದೋ?

ಹಿರಿಯನು ಮಕ್ಕಳ ಮುಂದೆ ತನ್ನ ತಪ್ಪನ್ನು ಒಪ್ಪಿಕೊಂಡರೆ ಅವನ ಗೌರವಕ್ಕೆ ಕುಂದು ಬರುವದೋ? ಈ ಪ್ರಶ್ನೆಯು ನಮ್ಮ ಮನೆಗಳಲ್ಲಿಯೂ ಸಭೆಗಳಲ್ಲಿಯೂ ಆಗಾಗ್ಗೆ ಏಳುವದುಂಟು. ಇದರ ಉತ್ತರವನ್ನು ನಾನು ನಾಲ್ಕನೆಯ ತರಗತಿಯ ಮಕ್ಕಳಿಂದಲೇ ಕಲಿತೆನು.

ಒಂದು ವಾರವೆಲ್ಲಾ ಪುಸ್ತಕವನ್ನು ಮುಚ್ಚಿಟ್ಟು, ಕೈಯಿಂದ ಮಾಡಿ ಕಣ್ಣಿಂದ ನೋಡಿ ಕಲಿಯೋಣವೆಂದು ಗೊತ್ತುಮಾಡಿದೆವು. ಸೋಮವಾರದಲ್ಲಿ ಮಕ್ಕಳು ನೆನೆಸಿದ ಹೆಸರುಕಾಳುಗಳನ್ನು ಎರಡು ತೆಂಗಿನ ಚಿಪ್ಪುಗಳಲ್ಲಿ ಬಿತ್ತಿ, ಒಂದನ್ನು ಕಿಟಕಿಯ ಬಳಿಯಲ್ಲಿಯೂ ಇನ್ನೊಂದನ್ನು ಮುಚ್ಚಿದ ಪೆಟ್ಟಿಗೆಯಲ್ಲಿಯೂ ಇಟ್ಟರು. ಏನಾಗುವದೆಂದು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆದಿಟ್ಟರು.

ಬುಧವಾರದಲ್ಲಿ ನಾನು ತಟ್ಟೆಯ ನೀರಿನ ನಡುವೆ ಉರಿಯುವ ಮೇಣದಬತ್ತಿಯನ್ನು ನಿಲ್ಲಿಸಿ, ಗಾಜಿನ ಲೋಟವನ್ನು ಅದರ ಮೇಲೆ ಬೋರಲಾಗಿ ಇಟ್ಟೆನು. ದೀಪವು ಆರಿತು, ನೀರು ಲೋಟದೊಳಗೆ ಏರಿತು. ಗಾಳಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಆಮ್ಲಜನಕವಿದೆ, ಅದು ಮುಗಿದದ್ದರಿಂದ ಆ ಸ್ಥಳಕ್ಕೆ ನೀರು ಬಂತೆಂದು, ನನಗೆ ಬಾಲ್ಯದಲ್ಲಿ ಕಲಿಸಿದ ಹಾಗೆಯೇ ಹೇಳಿದೆನು. ಆಗ ಒಬ್ಬ ಹುಡುಗಿಯು ಎದ್ದು, “ಮೇಷ್ಟ್ರೇ, ದೀಪ ಉರಿಯುವಾಗ ನೀರು ಏರಲೇ ಇಲ್ಲ, ಆರಿದ ಮೇಲೆ ಏರಿತು” ಅಂದಳು. ನಾನು ಗದರಿಸಿ ಕೂರಿಸಿದೆನು.

ಆ ರಾತ್ರಿ ಮನಸ್ಸಾಕ್ಷಿಯು ನನ್ನನ್ನು ಚುಚ್ಚಿತು. ಮರುದಿನ ಮಕ್ಕಳೆದುರಿಗೆ ಅದೇ ಲೋಟದಿಂದ ಮೊದಲು ಒಂದು ಬತ್ತಿಯನ್ನೂ ಆಮೇಲೆ ಮೂರು ಬತ್ತಿಗಳನ್ನೂ ಮುಚ್ಚಿ ನೋಡಿದೆನು. ಲೋಟದ ಗಾಳಿಯು ಅಷ್ಟೇ ಆಗಿದ್ದಾಗ್ಯೂ ಮೂರು ಬತ್ತಿಗಳಿಗೆ ನೀರು ಹೆಚ್ಚು ಏರಿತು. ಮುಖ್ಯ ಕಾರಣವು ಬಿಸಿಯೇ. ಬಿಸಿಗೆ ಹಿಗ್ಗಿದ ಗಾಳಿಯಲ್ಲಿ ಸ್ವಲ್ಪವು ಅಂಚಿನಿಂದ ಹೊರಟುಹೋಗುವದು. ದೀಪವಾರಿದ ಮೇಲೆ ಉಳಿದದ್ದು ತಣ್ಣಗಾಗಿ ಕುಗ್ಗುವದು. ಆಗ ಹೊರಗಿನ ಗಾಳಿಯ ಒತ್ತಡವು ನೀರನ್ನು ಒಳಕ್ಕೆ ತಳ್ಳುವದು. ಆಮ್ಲಜನಕವಾದರೋ ಪೂರ್ತಿಯಾಗಿ ಮುಗಿಯುವ ಮೊದಲೇ ದೀಪವು ಆರಿಹೋಗುವದು. “ನಿನ್ನೆ ನಾನು ಹೇಳಿದ್ದು ತಪ್ಪು, ಇವಳು ಕಂಡದ್ದು ಸರಿ” ಎಂದೆನು. ತರಗತಿಯು ಮೌನವಾಯಿತು, ಯಾರೂ ನಗಲಿಲ್ಲ.

ಶನಿವಾರದಲ್ಲಿ ಪೆಟ್ಟಿಗೆಯನ್ನು ತೆರೆದೆವು. ಕತ್ತಲೆಯಲ್ಲಿದ್ದ ಸಸಿಗಳು ಬೆಳಕಿನವುಗಳಿಗಿಂತ ಉದ್ದವಾಗಿ ಬೆಳೆದಿದ್ದವು. ಆದರೆ ಹಳದಿಯಾಗಿ, ನಿಲ್ಲಲು ಬಲವಿಲ್ಲದೆ ಬಾಗಿದ್ದವು. ಅವು ಬೆಳೆಯುವದೇ ಇಲ್ಲವೆಂದು ಬರೆದಿದ್ದ ಹುಡುಗನೊಬ್ಬನು ತನ್ನ ಬರಹವನ್ನು ಅಳಿಸದೆ, ಅದರ ಕೆಳಗೆ “ನಾನು ಎಣಿಸಿದ್ದು ತಪ್ಪು” ಎಂದು ಬರೆದನು. ನಾನು ಗುರುವಾರದಲ್ಲಿ ಮೌನವಾಗಿದ್ದರೆ ಅವನು ಅದನ್ನು ಬರೆಯುತ್ತಿದ್ದನೋ?

ಹೀಗೆ ಎಲ್ಲವನ್ನೂ ಪರೀಕ್ಷಿಸಲು ಕಲಿತ ಮಕ್ಕಳು ನಂಬಿಕೆಯನ್ನು ಬಿಟ್ಟಾರೆಂದು ಕೆಲವು ಹಿರಿಯರು ಅಂಜುತ್ತಾರೆ. ಆದರೆ ಬೆರೋಯದವರು ಅಪೊಸ್ತಲನ ಮಾತನ್ನೂ ವಿಚಾರಿಸಿ ನೋಡಿದರು. ಅದಕ್ಕಾಗಿ ಅವರಿಗೆ ಹೊಗಳಿಕೆಯೇ ದೊರೆಯಿತು. 1860–61ರ ಚಳಿಗಾಲದಲ್ಲಿ ಲಂಡನಿನಲ್ಲಿ ಎಳೆಯರಿಗೆ ಮೇಣದಬತ್ತಿಯೊಂದರ ವಿಷಯವಾಗಿಯೇ ಆರು ಉಪನ್ಯಾಸಗಳನ್ನು ಕೊಟ್ಟ ಮೈಕೇಲ್ ಫ್ಯಾರಡೇ (1791–1867) ತನ್ನ ಚಿಕ್ಕ ಸಭೆಯಲ್ಲಿ ಹಿರಿಯನೂ ಆಗಿದ್ದನು. ಕಾಣದ್ದನ್ನು ಕಂಡೆನೆಂದು ಬರೆಯುವದೂ ಕಂಡದ್ದನ್ನು ಮರೆಮಾಡುವದೂ ಸುಳ್ಳುಸಾಕ್ಷಿಯೇ. ಅದನ್ನು ಬೇಡವೆನ್ನುವ ಆಜ್ಞೆಯು ಪ್ರಯೋಗಶಾಲೆಗೂ ಪ್ರಾರ್ಥನಾಲಯಕ್ಕೂ ಒಂದೇ.

ಸತ್ಯವು ನಮ್ಮ ಸೊತ್ತಲ್ಲ, ನಾವು ಅದರ ಸೇವಕರು. ತಪ್ಪನ್ನು ಮುಚ್ಚಿ ಉಳಿಸಿಕೊಂಡ ಗೌರವವು ಪೆಟ್ಟಿಗೆಯ ಸಸಿಯ ಹಾಗೆ ಉದ್ದವಾಗಿ ಬೆಳೆಯುವದು, ನಿಲ್ಲಲಾರದು. ತಂದೆತಾಯಿಗಳೇ, ಉಪಾಧ್ಯಾಯರೇ, ಸಭೆಯ ಹಿರಿಯರೇ, ಮಕ್ಕಳ ಮುಂದೆ ತಪ್ಪನ್ನು ಒಪ್ಪಿಕೊಳ್ಳಲು ನಾಚದೆ ಇರೋಣ. ಆ ಕೃಪೆಯನ್ನು ಕರ್ತನು ನಮಗೆ ಅನುಗ್ರಹಿಸಲಿ.