ಕೋಲಿನ ನೇರದ ಮೀಮಾಂಸೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹುಡುಗ ಪೂಲ್ ಮೇಜಿನ ಮುಂದೆ ಮೊದಲ ಸಲ ನಿಂತಾಗ ಅವನ ಕೈ ಹೊಸದಾಗಿರುವುದಿಲ್ಲ. ಯುವಕ ಸಂಘದ ಕೋಣೆಯಲ್ಲಿ, ಹಾಸ್ಟೆಲಿನ ವರಾಂಡದಲ್ಲಿ, ಗಣಪತಿ ಪೆಂಡಾಲಿನ ಪಕ್ಕದಲ್ಲಿ ಆಡಿದ ಕೇರಂ ಆ ಕೈಯಲ್ಲಿ ಆಗಲೇ ಮನೆ ಮಾಡಿರುತ್ತದೆ. ಕೋನ ಗೊತ್ತು, ರಿಬೌಂಡ್ ಗೊತ್ತು, ಯಾವುದನ್ನು ಹೊಡೆದು ಯಾವುದನ್ನು ಉಳಿಸಬೇಕೆಂಬ ಲೆಕ್ಕವೂ ಗೊತ್ತು. ಆದರೂ ವರ್ಷ ಆಡಿದ ಮೇಲೂ ಪಾಕೆಟ್ಟಿಗೆ ನೇರವಾಗಿ ನಿಂತ ಚೆಂಡು ಒಮ್ಮೆ ಬೀಳುತ್ತದೆ, ಒಮ್ಮೆ ಬೀಳುವುದಿಲ್ಲ. ಯಾಕಪ್ಪ ಎಂದರೆ ‘ಗುರಿ ತಪ್ಪಿತು’ ಎನ್ನುತ್ತಾನೆ. ನನ್ನ ತಕರಾರು ಈ ಉತ್ತರದ ಮೇಲೆ.

ಮೀಮಾಂಸಕರು ಒಂದು ಅಧಿಕರಣವನ್ನು, ಅಂದರೆ ಚರ್ಚೆಯ ಒಂದು ಪ್ರಕರಣವನ್ನು, ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ಬಿಡಿಸುತ್ತಾ ಹೋಗುತ್ತಿದ್ದರು. ಇಲ್ಲಿ ವಿಷಯ, ಹವ್ಯಾಸಿಯ ಹೊಡೆತ. ಸಂಶಯ, ತಪ್ಪಿದ್ದು ಕಣ್ಣೋ ಕೈಯೋ ಎಂಬುದು. ಕಣ್ಣು ಎಂಬುದು ಪೂರ್ವಪಕ್ಷ. ಕೈ ನೇರವಾಗುವ ತನಕ ಗುರಿಯನ್ನು ತಿದ್ದಲೇಬಾರದು, ತಿದ್ದಿದರೆ ರೋಗ ಬಲಿಯುತ್ತದೆ ಎಂಬುದು ನನ್ನ ಸಿದ್ಧಾಂತ.

ಮೊದಲು ಲೆಕ್ಕ ನೋಡೋಣ. ಪೂಲ್ ಚೆಂಡಿನ ಅಡ್ಡಳತೆ 57.15 ಮಿಲಿಮೀಟರ್. ಬಿಳಿ ಚೆಂಡಿಗೂ ಬಣ್ಣದ ಚೆಂಡಿಗೂ ನಡುವೆ ಒಂದು ಮೀಟರ್ ಇದೆ, ಎರಡೂ ಪಾಕೆಟ್ಟಿಗೆ ನೇರವಾಗಿವೆ ಎನ್ನಿ. ಬಿಳಿ ಚೆಂಡು ಹೊರಡುವಾಗ 1 ಡಿಗ್ರಿ ವಾಲಿದರೆ ಬಣ್ಣದ ಚೆಂಡನ್ನು ತಲುಪುವ ಹೊತ್ತಿಗೆ ಸುಮಾರು 17 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಆ ತಾಗುವಿಕೆಯಿಂದ ಬಣ್ಣದ ಚೆಂಡು ತನ್ನ ದಾರಿಯಿಂದ ಸುಮಾರು 17 ಡಿಗ್ರಿ ಆಚೆ ಹೋಗುತ್ತದೆ. ಕೈಯ 1 ಡಿಗ್ರಿ ತಪ್ಪು ಚೆಂಡಿನಲ್ಲಿ 17 ಆಯಿತು. ಕಣ್ಣಿಗೆ ಕಾಣುವುದು ಆ 17. ಕಾಣದಿರುವುದು ಮೊಣಕೈಯ ಆ 1.

ಕಾಣದಿರುವುದರಿಂದಲೇ ಅನಾಹುತ. ಚೆಂಡು ಸದಾ ಬಲಕ್ಕೆ ಹೋಗುತ್ತಿದ್ದರೆ ಹುಡುಗ ತನಗೇ ತಿಳಿಯದೆ ಎಡಕ್ಕೆ ಗುರಿ ಇಡಲು ಕಲಿಯುತ್ತಾನೆ. ಈಗ ಚೆಂಡು ಬೀಳುತ್ತದೆ. ವಾಲುವ ಕೈಗೆ ವಾಲಿದ ಕಣ್ಣು ಜೊತೆಯಾಯಿತು, ಇಬ್ಬರೂ ರಾಜಿಯಾದರು. ಆದರೆ ಈ ರಾಜಿ ಒಂದೇ ವೇಗಕ್ಕೆ, ಒಂದೇ ದೂರಕ್ಕೆ ಹೊಂದುತ್ತದೆ. ಸ್ವಲ್ಪ ಜೋರಾಗಿ ಹೊಡೆಯಬೇಕಾದಾಗ, ಮೇಜಿನ ಉದ್ದಕ್ಕೂ ಕಳಿಸಬೇಕಾದಾಗ, ಕೊನೆಯ ಎಂಟನೇ ಚೆಂಡಿನ ಮುಂದೆ ಎದೆ ಹೊಡೆದುಕೊಳ್ಳುವಾಗ ಮುರಿಯುತ್ತದೆ. ಅವನು ಇನ್ನಷ್ಟು ಆಡುತ್ತಾನೆ, ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಅಭ್ಯಾಸದಿಂದ ಎಲ್ಲ ಬರುತ್ತದೆ ಎನ್ನುವವರು ತಪ್ಪೂ ಅಭ್ಯಾಸದಿಂದಲೇ ಬರುತ್ತದೆ ಎಂಬುದನ್ನು ಮರೆಯುತ್ತಾರೆ.

ಕೈ ವಾಲುತ್ತಿದೆ ಎನ್ನಲು ಪ್ರಮಾಣವೇನು? ಪ್ರತ್ಯಕ್ಷ ಇಲ್ಲ. ಬಗ್ಗಿ ನಿಂತವನಿಗೆ ತನ್ನ ಮೊಣಕೈ ಕಾಣುವುದಿಲ್ಲ. ಇಲ್ಲಿ ಮೀಮಾಂಸಕರ ಅರ್ಥಾಪತ್ತಿ ಕೆಲಸಕ್ಕೆ ಬರುತ್ತದೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಿರಲೇಬೇಕು ಎನ್ನುತ್ತಾರಲ್ಲ, ಅದು. ಹೊಡೆಯುವ ಕೋಲು, ಅಂದರೆ ಕ್ಯೂ, ಬೆರಳಗಲ ಎಡಕ್ಕೆ ಮುಖ ಮಾಡಿತ್ತು, ಆದರೂ ಚೆಂಡು ಬಿತ್ತು. ಹಾಗಿದ್ದರೆ ಹೊಡೆಯುವ ಗಳಿಗೆಯಲ್ಲಿ ಕೋಲು ಬಲಕ್ಕೆ ಸರಿದಿರಲೇಬೇಕು. ಬಿದ್ದ ಚೆಂಡೇ ಇಲ್ಲಿ ದೋಷಕ್ಕೆ ಸಾಕ್ಷಿ. ಸ್ನೇಹಿತನೊಬ್ಬ ಹಿಂದೆ ನಿಂತು ಕ್ಯೂವಿನ ಮುಖ ನೋಡಿದರೆ ಐದೇ ಹೊಡೆತದಲ್ಲಿ ಇದನ್ನು ಹೇಳಬಲ್ಲ.

ಸ್ನೇಹಿತನಿಲ್ಲದಿದ್ದರೆ ಗುರಿಯನ್ನೇ ಮೇಜಿನಿಂದ ತೆಗೆದುಬಿಡಿ. ಬಿಳಿ ಚೆಂಡೊಂದನ್ನೇ ಮೇಜಿನ ಉದ್ದದ ನಡುಗೆರೆಯ ಮೇಲಿಟ್ಟು, ಎದುರು ಕುಶನ್ನಿನ ಮಧ್ಯಕ್ಕೆ ನಿಧಾನವಾಗಿ ಹೊಡೆಯಿರಿ, ಕ್ಯೂವನ್ನು ಹೊಡೆದಲ್ಲೇ ಹಿಡಿದುಕೊಂಡು ಅಲುಗಾಡದೆ ಕಾಯಿರಿ. ಚೆಂಡು ಹೋಗಿ ಬಂದು ಕ್ಯೂವಿನ ತುದಿಯ ಟಿಪ್ಪಿಗೇ ಮುತ್ತಿಡಬೇಕು. ಪಕ್ಕಕ್ಕೆ ಹೋದರೆ ಒಂದೋ ಕೋಲು ವಾಲಿತು, ಇಲ್ಲವೇ ಚೆಂಡಿನ ನಡು ಬಿಟ್ಟು ಪಕ್ಕಕ್ಕೆ ತಾಗಿ ಸೈಡ್ (ಬುಗುರಿಯ ಸುತ್ತು) ಹತ್ತಿತು. ಯಾವುದೆಂದು ಬೇರ್ಪಡಿಸಲು ಸ್ಟಾಪ್ ಶಾಟ್ ಇದೆ. ಬಣ್ಣದ ಚೆಂಡನ್ನು ಒಂದು ಅಡಿ ದೂರದಲ್ಲಿ ನೇರವಾಗಿಟ್ಟು, ಬಿಳಿ ಚೆಂಡಿನ ನಡುವಿಗಿಂತ ಕೂದಲೆಳೆ ಕೆಳಗೆ ಹೊಡೆದು, ಬಿಳಿ ಚೆಂಡು ತಾಗಿದಲ್ಲೇ ಸಾಯುವಂತೆ ಮಾಡಿ. ಅದು ನಿಂತ ಜಾಗದಲ್ಲಿ ಬುಗುರಿಯಂತೆ ತಿರುಗಿದರೆ ಟಿಪ್ ನಡುವಿನಲ್ಲಿ ತಾಗಿಲ್ಲ. ತಿರುಗದೆ ಕಲ್ಲಿನಂತೆ ನಿಂತರೆ ತಾಗಿದೆ. ಹತ್ತಕ್ಕೆ ಹತ್ತು ಸಲ ನಿಂತ ಮೇಲೆ ಅರ್ಧ ಅಡಿ ಹೆಚ್ಚಿಸಿ. ಇಷ್ಟು ಸ್ಪಷ್ಟವಾಗಿ ಸತ್ಯ ಹೇಳುವ ಪರೀಕ್ಷೆ ಈ ಆಟದಲ್ಲಿ ಇನ್ನೊಂದಿಲ್ಲ.

ಕೈ ನೇರವಾಗುವುದು ಕೈಯಿಂದಲ್ಲ, ಕಾಲಿನಿಂದ. ಇನ್ನೂ ನಿಂತಿರುವಾಗಲೇ ಹೊಡೆತದ ಗೆರೆಯನ್ನು ನೋಡಿ ಬಲಗಾಲನ್ನು ಆ ಗೆರೆಯ ಮೇಲಿಟ್ಟು ಆಮೇಲೆ ಬಗ್ಗಬೇಕು (ಎಡಚರು ಎಡಗಾಲನ್ನು). ಬಗ್ಗಿದ ಮೇಲೆ ಗೆರೆ ಹುಡುಕಿದರೆ ಸೊಂಟ ತಿರುಚುತ್ತದೆ, ಸೊಂಟ ತಿರುಚಿದರೆ ಕೋಲಿಗೆ ದಾರಿ ಇರುವುದಿಲ್ಲ. ಮೊಣಕೈಯಿಂದ ಕೆಳಗಿನ ಕೈಯನ್ನು ಗಾರೆಯವರ ತೂಗುಗುಂಡಿನಂತೆ ಭಾವಿಸಿ. ಮೊಣಕೈ ಮೊಳೆ, ಮುಂಗೈ ದಾರ, ಮುಷ್ಟಿ ಗುಂಡು. ಟಿಪ್ ಚೆಂಡಿಗೆ ತಾಗುವ ಕ್ಷಣದಲ್ಲಿ ಆ ದಾರ ಕ್ಯೂವಿಗೆ ಲಂಬವಾಗಿರಬೇಕು. ಮುಷ್ಟಿಯನ್ನು ಗಟ್ಟಿ ಹಿಡಿದರೆ ದಾರ ತಿರುಚುತ್ತದೆ, ಆದ್ದರಿಂದ ಬೆರಳುಗಳು ಕ್ಯೂವನ್ನು ಹೊತ್ತಿದ್ದರೆ ಸಾಕು. ಮುಂದಿನ ಕೈಯ ಬ್ರಿಡ್ಜಿನಿಂದ ಚೆಂಡಿಗೆ ಒಂದು ಗೇಣು. ಮೂರು ನಾಲ್ಕು ಸಲ ಅಳೆದು, ಹಿಂದಕ್ಕೆ ಎಳೆದಾಗ ಕ್ಷಣ ನಿಂತು, ಕಣ್ಣನ್ನು ಬಣ್ಣದ ಚೆಂಡಿನ ಮೇಲೆ ನೆಟ್ಟು ಹೊಡೆಯಬೇಕು. ಕೆ.ಆರ್. ನಗರದ ಗದ್ದೆಯಲ್ಲಿ ಸಾಲು ಹೊಡೆಯುವವರು ನೇಗಿಲಿನ ಕುಳವನ್ನು ನೋಡುವುದಿಲ್ಲ, ಆಚೆ ಬದುವಿನ ಗುರುತನ್ನು ನೋಡುತ್ತಾರೆ. ಸಾಲು ತಾನೇ ನೇರವಾಗುತ್ತದೆ.

ಇನ್ನು ಆಕ್ಷೇಪಗಳು. ಎಲ್ಲಕ್ಕಿಂತ ಬಲವಾದದ್ದು ಕೇರಂನವರದು: ನಮಗೆ ಹೊಡೆತ ಬರುತ್ತದೆ, ಮತ್ತೆ ಅಕ್ಷರಾಭ್ಯಾಸ ಯಾಕೆ? ಗೌರವದಿಂದಲೇ ಉತ್ತರಿಸುತ್ತೇನೆ, ಏಕೆಂದರೆ ಕೋನದ ಜ್ಞಾನ ನಿಜಕ್ಕೂ ಅಲ್ಲಿಂದ ಬರುತ್ತದೆ. ಆದರೆ ಆ ಎರಡು ಆಟಗಳ ಲೋಕವೇ ಬೇರೆ. ಸ್ಟ್ರೈಕರ್ 15 ಗ್ರಾಂ, ಕಾಯಿ ಅದರ ಮೂರನೇ ಒಂದು ಪಾಲಿನಷ್ಟು. ಭಾರದ್ದು ಹಗುರದ್ದಕ್ಕೆ ಬಡಿದಾಗ ಭಾರದ್ದು ಮುಂದೆ ಸಾಗಿಯೇ ಸಾಗುತ್ತದೆ. ಪೂಲಿನಲ್ಲಿ ಸರಿಯಾದ ಸೆಟ್ಟಿನ ಚೆಂಡುಗಳೆಲ್ಲ ಸಮಭಾರ, 156ರಿಂದ 170 ಗ್ರಾಂ ಒಳಗೆ. ಉರುಳದೆ ಜಾರುತ್ತಾ ಬಂದ ಬಿಳಿ ಚೆಂಡು ನೇರ ತಾಗಿದರೆ ತನ್ನ ಓಟವನ್ನೆಲ್ಲ ಕೊಟ್ಟು ನಿಂತುಬಿಡುತ್ತದೆ. ಓರೆಯಾಗಿ ತಾಗಿದರೆ ಎರಡೂ ಚೆಂಡುಗಳು ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ ಅಗಲುತ್ತವೆ. ಅದಕ್ಕಿಂತ ದೊಡ್ಡ ಭೇದ, ಕೇರಂ ಕಾಯಿ ಜಾರುತ್ತದೆ, ಪೂಲ್ ಚೆಂಡು ಉರುಳುತ್ತದೆ. ನಡುವಿಗೆ ಹೊಡೆದ ಚೆಂಡು ಮೊದಲು ಜಾರಿ, ಬಟ್ಟೆಯ ಘರ್ಷಣೆಗೆ ಸಿಕ್ಕು, ವೇಗ ಏಳರಲ್ಲಿ ಐದು ಪಾಲಿಗೆ ಇಳಿದಾಗ ಪೂರ್ತಿ ಉರುಳತೊಡಗುತ್ತದೆ. ಎತ್ತರದ ಹತ್ತರಲ್ಲಿ ಏಳನೇ ಪಾಲಿಗೆ ಹೊಡೆದರೆ ಹೊರಟಾಗಿನಿಂದಲೇ ಉರುಳುತ್ತದೆ. ಅಂದರೆ ಟಿಪ್ ಎಲ್ಲಿ ತಾಗಿತು ಎಂಬುದೇ ಅರ್ಧ ಆಟ. ಬೆರಳ ಚಿಮ್ಮುವಿಕೆಗೆ ಈ ಪ್ರಶ್ನೆಯೇ ಇರಲಿಲ್ಲ. ಕೇರಂ ಕೈ ಚಿಮ್ಮಿ ನಿಲ್ಲುತ್ತದೆ, ಪೂಲಿನ ಕೈ ಚೆಂಡನ್ನು ಹಾದು ಹೋಗಬೇಕು.

ಹಾದು ಹೋಗುವುದು ಯಾಕೆ? ಇದೇ ಎರಡನೇ ಆಕ್ಷೇಪ, ಓದಿಕೊಂಡವರದು. ಟಿಪ್ ಚೆಂಡಿಗೆ ತಾಗಿರುವುದು ಸುಮಾರು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಆಮೇಲೆ ಕೋಲು ಎಲ್ಲಿ ಹೋದರೇನು? ಒಪ್ಪಿದೆ, ಚೆಂಡಿಗೆ ಏನೂ ಆಗುವುದಿಲ್ಲ. ಈ ಹಾದು ಹೋಗುವಿಕೆ, ಫಾಲೋ ಥ್ರೂ, ಕಾರಣವಲ್ಲ; ತರ್ಕದವರು ಹೇಳುವ ಲಿಂಗ, ಅಂದರೆ ಗುರುತು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ನಿನ ಚಿಮಣಿಯಲ್ಲಿ ಹೊಗೆ ಕಂಡರೆ ಕೆಳಗೆ ಒಲೆ ಉರಿಯುತ್ತಿದೆ ಎಂದು ತಿಳಿಯುತ್ತೇವೆ, ಹೊಗೆಯೇ ಸೊಪ್ಪನ್ನು ಬೇಯಿಸುತ್ತದೆ ಎಂದಲ್ಲ. ಚೆಂಡಿನ ಹತ್ತಿರ ನಿಲ್ಲಿಸಬೇಕೆಂದುಕೊಂಡ ಕೈ ಚೆಂಡು ಮುಟ್ಟುವ ಮೊದಲೇ ಬ್ರೇಕ್ ಹಾಕುತ್ತದೆ, ಬ್ರೇಕ್ ಹಾಕಿದಾಗ ತಿರುಚುತ್ತದೆ. ಹಾದು ಹೋದ ಕೋಲು, ಬ್ರೇಕ್ ಬಿದ್ದಿರಲಿಲ್ಲ ಎಂಬುದರ ಗುರುತು.

ಮೂರನೆಯದು: ದೊಡ್ಡ ಆಟಗಾರರ ಹೊಡೆತವೇ ಡೊಂಕಲ್ಲವೇ? 1999ರಲ್ಲಿ ವಿಶ್ವ ನೈನ್ ಬಾಲ್ ಗೆದ್ದ ಫಿಲಿಪ್ಪೀನ್ಸಿನ ಎಫ್ರೆನ್ ರೇಯಸ್ ಅವರ ಕೈ ಸಡಿಲವಾಗಿ ಸುತ್ತಿ ಬರುತ್ತದೆ, ತೂಗುಗುಂಡಿನ ಶಿಸ್ತು ಅಲ್ಲಿಲ್ಲ. ನಿಜ. ಆದರೆ ಅವರು ಚಿಕ್ಕಪ್ಪನ ಪೂಲ್ ಹಾಲಿನಲ್ಲೇ ಬೆಳೆದವರು, ಮೇಜು ಅವರಿಗೆ ತೊಟ್ಟಿಲಿನಂತಿತ್ತು. ಎಷ್ಟೇ ಸುತ್ತಿ ಬಂದರೂ ಕೊನೆಯ ಅಂಗುಲದಲ್ಲಿ ಅವರ ಟಿಪ್ ನೇರವಾಗಿಯೇ ಇರುತ್ತದೆ. ಆ ಅಂಗುಲವನ್ನು ಡೊಂಕು ದಾರಿಯಿಂದ ಸಾಧಿಸಲು ಒಂದು ಬಾಲ್ಯವೇ ಬೇಕು. ವಾರಕ್ಕೆ ಮೂರು ಗಂಟೆ ಸಿಗುವವರಿಗೆ ನೇರ ದಾರಿಯೇ ಹತ್ತಿರದ ದಾರಿ. ಸರಳತೆಯ ಮಾದರಿ ಬೇಕಾದರೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಬಳಿ ಕಲಿತ ಪಂಕಜ್ ಅಡ್ವಾಣಿ 2003ರಲ್ಲಿ, 18ನೇ ವಯಸ್ಸಿನಲ್ಲಿ, ವಿಶ್ವ ಅಮೆಚೂರ್ ಸ್ನೂಕರ್ ಗೆದ್ದರು. ಅವರ ನಿಲುವನ್ನು ನೋಡಿ, ಹೊಡೆತ ಮುಗಿದ ಮೇಲೂ ತಲೆ ಎದ್ದಿರುವುದಿಲ್ಲ. ಪೂಲಿಗೂ ಸ್ನೂಕರಿಗೂ ಮೇಜು ಬೇರೆ, ನಿಯಮ ಬೇರೆ, ಮೊಣಕೈ ಒಂದೇ. ಆ ಸ್ನೂಕರಿಗೆ 1882ರಲ್ಲಿ ನಿಯಮ ರೂಪುಗೊಂಡದ್ದು ಊಟಿ ಕ್ಲಬ್ಬಿನಲ್ಲಿ, ನಮ್ಮ ಕೋಟೆಯವರು ಗುಂಡ್ಲುಪೇಟೆ, ಬಂಡೀಪುರ ದಾಟಿ ಹೋಗುವ ಊರಿನಲ್ಲಿ. ಇದು ಪರದೇಶಿ ವಿದ್ಯೆ ಎನ್ನುವವರಿಗೆ ಅಷ್ಟು ಸಾಕು.

ವಯಸ್ಸಾಯಿತು ಎಂಬ ನಾಲ್ಕನೆಯ ಆಕ್ಷೇಪಕ್ಕೆ ಉಮಾದೇವಿ ನಾಗರಾಜ್ ಇದ್ದಾರೆ. ಸರ್ಕಾರಿ ನೌಕರಿಯಲ್ಲಿದ್ದು, ಮೂವತ್ತರ ಆಸುಪಾಸಿನಲ್ಲಿ ಕ್ಯೂ ಹಿಡಿದು, 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದವರು. ಇದು ಗಂಡಸರ ಜಾಗ ಎನ್ನುವವರಿಗೂ ಅವರೇ ಉತ್ತರ. ನಮ್ಮೂರುಗಳ ಹಾಲ್ ಇಟ್ಟವರು ಹೆಣ್ಣುಮಕ್ಕಳು ನಿರಾಳವಾಗಿ ಬಂದು ಆಡುವ ಒಂದು ಹೊತ್ತನ್ನಾದರೂ ಮೀಸಲಿಡಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಮೇಜು ಸರಿಯಿಲ್ಲ ಎಂಬುದು ಐದನೆಯದು. ಚೆಂಡನ್ನಂತೂ ದೂರುವಂತಿಲ್ಲ. ಒಂದು ಕಾಲಕ್ಕೆ ಅವನ್ನು ಆನೆದಂತದಲ್ಲಿ ಕಡೆಯುತ್ತಿದ್ದರು, ಹವೆಗೆ ಬಾಗುತ್ತಿದ್ದವು. ದಂತಕ್ಕೆ ಬದಲಿ ಹುಡುಕುತ್ತಾ 1869ರಲ್ಲಿ ಜಾನ್ ವೆಸ್ಲಿ ಹಯಟ್ ಸೆಲ್ಯುಲಾಯ್ಡ್ ಚೆಂಡಿಗೆ ಬಂದರು, ಇಂದಿನವು ರಾಳದ ಚೆಂಡುಗಳು. 1971ರವರೆಗೂ ಆನೆ ಹಿಡಿಯುವ ಕಾಕನಕೋಟೆಯ ಖೆಡ್ಡಾ ನಡೆದ ಸೀಮೆಯವರಿಗೆ ಈ ಬದಲಾವಣೆ ಸಣ್ಣ ಸಮಾಧಾನವಲ್ಲ. ಮೇಜಿನ ದೂರು ಮಾತ್ರ ನ್ಯಾಯವಾದದ್ದೇ. ವಾಟ ತಪ್ಪಿದ ಮೇಜಿನ ಮೇಲೆ ನಿಧಾನದ ಚೆಂಡು ಕೊನೆಯಲ್ಲಿ ಬಾಗುತ್ತದೆ, ಮಳೆಗಾಲದ ತೇವಕ್ಕೆ ಬಟ್ಟೆ ಭಾರವಾಗುತ್ತದೆ. ಅಂಥ ಕಡೆ ಉದ್ದದ ಪರೀಕ್ಷೆ ಬಿಟ್ಟು ಒಂದು ಅಡಿಯ ಸ್ಟಾಪ್ ಶಾಟನ್ನೇ ಹಿಡಿಯಿರಿ. ಅಷ್ಟು ಸಣ್ಣ ದೂರದಲ್ಲಿ ವಾಟ ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಖಾಲಿ ನೀರಿನ ಬಾಟಲಿಯನ್ನು ಮಲಗಿಸಿ, ಅದರ ಬಾಯಿಯೊಳಗೆ ಟಿಪ್ ಅಂಚು ಮುಟ್ಟದೆ ಹೋಗಿ ಬರುವಂತೆ ಮಾಡುವುದಕ್ಕೆ ಮೇಜೇ ಬೇಡ.

ಗುರುವಿಲ್ಲ, ಮೈಸೂರು ದೂರ, ಫೋನಿನಲ್ಲಿ ಪಾಠ ನೋಡುತ್ತೇವೆ ಎಂಬುದು ಕೊನೆಯದು. ನೋಡಿ, ಶಬ್ದವೂ, ಅಂದರೆ ಬಲ್ಲವರ ಮಾತೂ, ಪ್ರಮಾಣವೇ. ಆದರೆ ಆ ಪಾಠ ಹೇಳುವವರು ನಿಮ್ಮ ಮೊಣಕೈ ಕಂಡವರಲ್ಲ. ನನ್ನ ಮೊಣಕೈ ಹೊರಕ್ಕೆ ವಾಲುತ್ತದೆಂದು ನನಗೆ ತಿಳಿದದ್ದು ಫೋನನ್ನು ಹಿಂದಿನ ಕಿಟಕಿಯ ಮೇಲಿಟ್ಟು ನನ್ನನ್ನೇ ಚಿತ್ರೀಕರಿಸಿದ ಸಂಜೆ. ಅದಕ್ಕೂ ಮುಂಚಿನ ಎರಡು ವರ್ಷ ನಾನು ಗುರಿಯನ್ನೇ ತಿದ್ದುತ್ತಿದ್ದೆ. ಗಂಟೆಯ ಬಾಡಿಗೆ ಕೊಟ್ಟ ಮೇಲೆ ಮೊದಲ ಹತ್ತು ನಿಮಿಷ ಫೋನ್ ಹಿಂದಿರಲಿ, ಮೇಜಿನ ಮೇಲೆ ಬಿಳಿ ಚೆಂಡೊಂದೇ ಇರಲಿ. ಪಕ್ಕದ ಮೇಜಿನವರು ಆಟ ಶುರು ಮಾಡಿರುತ್ತಾರೆ, ಚೆಂಡು ಬಿದ್ದ ಸದ್ದು ಕೇಳುತ್ತಿರುತ್ತದೆ. ನೀವು ಎದುರಿನ ಕುಶನ್ನಿಗೆ ಹೊಡೆದು, ಬಗ್ಗಿದಂತೆಯೇ ಇದ್ದು, ಅದು ಹಿಂತಿರುಗಿ ಬರುವುದನ್ನು ಕಾಯಿರಿ.